ನಾಲ್ಕು ಮತ್ತು 354

ಕೇಳುಗರಿಗೆ ನಮಸ್ಕಾರ.

ಒಂದು ಕಾಯಿಲೆಗೆಂದು ಆಸ್ಪತ್ರೆ ಸೇರಿ, ಅಲ್ಲೇ ಇನ್ನೊಂದು ತೊಂದರೆ ಅಂಟಿಸಿಕೊಂಡು ಬಂದವರು ನಿಮ್ಮ ಮನೆಯಲ್ಲೋ ನೆರೆಯಲ್ಲೋ ಇರಬಹುದು. ಬೆನ್ನಿಗೆ ಹಾಸಿಗೆ ಹುಣ್ಣು, ಸೂಜಿ ಹಾಕಿದ ಕಡೆ ಸೋಂಕು, ಜಾಸ್ತಿಯಾದ ಡೋಸ್. ಇದನ್ನೆಲ್ಲ ಎಣಿಸುವವರು ಯಾರು?

ಅಮೆರಿಕದಲ್ಲಿ ಹಾರ್ವರ್ಡ್‌ನ ಸಂಶೋಧಕರು ಒಮ್ಮೆ ಗಟ್ಟಿಯಾಗಿ ಕೂತು ಎಣಿಸಿದರು. ನ್ಯೂಯಾರ್ಕ್ ರಾಜ್ಯದ 51 ಆಸ್ಪತ್ರೆಗಳಲ್ಲಿ 1984ರಲ್ಲಿ ಸೇರಿದ್ದ 30,000ಕ್ಕೂ ಹೆಚ್ಚು ರೋಗಿಗಳ ಕೇಸ್ ಶೀಟ್ ಓದಿಸಿದರು. ನೂರರಲ್ಲಿ ಸುಮಾರು ನಾಲ್ವರಿಗೆ ಚಿಕಿತ್ಸೆಯಿಂದಲೇ ಹಾನಿಯಾಗಿತ್ತು. ಅದರಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ, ಅಜಾಗರೂಕತೆಯಿಂದ ಆದದ್ದು.

ಆದರೆ ಪ್ರತಿ ಕೇಸ್ ಶೀಟನ್ನೂ ಮೊದಲಿಂದ ಕೊನೆಯವರೆಗೆ ಓದಲು ಆಗುತ್ತದೆಯೇ? ಹಾಗಾಗಿ ಸುಳಿವು ಹುಡುಕುವ ಒಂದು ದಾರಿ ಬಂತು. ರೋಗಿಗೆ ನಲೋಕ್ಸೋನ್ ಕೊಟ್ಟಿದ್ದಾರೆ ಅನ್ನಿ. ಮಾರ್ಫಿನ್‌ನಂಥ ನೋವಿನ ಔಷಧ ಅತಿಯಾದಾಗ ಕೊಡುವ ಮದ್ದು ಅದು. ಹಾಗಾದರೆ ಮಾರ್ಫಿನ್ ಹೆಚ್ಚಾಗಿತ್ತೇ? ಓದುವವರು ನೇರವಾಗಿ ಆ ಪುಟಕ್ಕೆ ಹೋಗುತ್ತಾರೆ. ಒಂದು ಕೇಸ್ ಶೀಟ್‌ಗೆ ಇಪ್ಪತ್ತೇ ನಿಮಿಷ. ಸುಳಿವು ಸಿಕ್ಕ ಮಾತ್ರಕ್ಕೆ ಹಾನಿಯಾಯಿತು ಎಂದಲ್ಲ, ಕೊನೆಗೆ ವೈದ್ಯರೊಬ್ಬರು ನೋಡಿ ಹೌದು ಅನ್ನಬೇಕು.

2011ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಅಮೆರಿಕದ ಮೂರು ಆಸ್ಪತ್ರೆಗಳ 795 ಕೇಸ್ ಶೀಟ್‌ಗಳನ್ನು ಹೀಗೆ ನೋಡಿದರು. ಸಿಬ್ಬಂದಿ ತಾವಾಗಿಯೇ ವರದಿ ಮಾಡಿದ್ದು ನಾಲ್ಕು ಘಟನೆ. ಸುಳಿವು ಹಿಡಿದು ಹೋದಾಗ ಸಿಕ್ಕಿದ್ದು 354.

ಆ ನಾಲ್ಕು ನನ್ನ ತಲೆಯಿಂದ ಹೋಗುವುದೇ ಇಲ್ಲ. ನರ್ಸ್‌ಗಳು ಸುಳ್ಳು ಹೇಳಿದರು ಅಂತ ನಾನು ಖಂಡಿತ ಹೇಳುವುದಿಲ್ಲ. ಬರೆದರೆ ಬೈಗುಳ, ಬರೆಯದಿದ್ದರೆ ನೆಮ್ಮದಿ ಅಂತಾದರೆ ಯಾರು ಬರೆದಾರು? ಅದಕ್ಕೇ, ವರದಿ ಕಡಿಮೆ ಇರುವ ಆಸ್ಪತ್ರೆಯೇ ಒಳ್ಳೆಯದು ಅಂದುಕೊಳ್ಳಬೇಡಿ. ಅಲ್ಲಿ ಬರೆಯುವ ಧೈರ್ಯವೇ ಕಡಿಮೆ ಇರಬಹುದು, ಅಲ್ವಾ?

ಸರಿಯಾಗಿ ಎಣಿಸಿದರೆ ಏನಾಗುತ್ತದೆ ಅನ್ನುವುದು ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಕಂಡಿತು. ಅಲ್ಲಿನ ನೂರಕ್ಕೂ ಹೆಚ್ಚು ಐಸಿಯುಗಳು ದೊಡ್ಡ ರಕ್ತನಾಳಕ್ಕೆ ಹಾಕುವ ನಳಿಕೆಯ ಸೋಂಕನ್ನು ಎಣಿಸಿದವು. ಸುಮ್ನೆ ಎಷ್ಟು ಸೋಂಕು ಅಂತಲ್ಲ. ರೋಗಿಗಳಿಗೆ ನಳಿಕೆ ಇದ್ದ ಪ್ರತಿ ಸಾವಿರ ದಿನಕ್ಕೆ ಎಷ್ಟು ಅಂತ. ಆಗ ದೊಡ್ಡ ಆಸ್ಪತ್ರೆಯನ್ನೂ ಚಿಕ್ಕದನ್ನೂ ಪಕ್ಕಪಕ್ಕ ಇಟ್ಟು ನೋಡಬಹುದು. ಜೊತೆಗೆ ಐದು ಸರಳ ಕೆಲಸ: ಕೈ ತೊಳೆಯುವುದು, ಕ್ಲೋರ್‌ಹೆಕ್ಸಿಡಿನ್ ಎಂಬ ಕ್ರಿಮಿನಾಶಕದಿಂದ ಚರ್ಮ ಒರೆಸುವುದು, ರೋಗಿಯ ಮೈಪೂರ್ತಿ ಸ್ಟೆರೈಲ್, ಅಂದರೆ ಕ್ರಿಮಿಯಿಲ್ಲದ ಬಟ್ಟೆ ಹೊದಿಸುವುದು, ಆದಷ್ಟು ತೊಡೆಸಂದಿಯಲ್ಲಿ ನಳಿಕೆ ಹಾಕದಿರುವುದು, ಬೇಡವಾದ ನಳಿಕೆಯನ್ನು ಬೇಗ ತೆಗೆಯುವುದು. ಎಲ್ಲ ಐಸಿಯುಗಳ ಅಂಕಿಗಳನ್ನು ಸಾಲಾಗಿ ಜೋಡಿಸಿದಾಗ ನಟ್ಟನಡುವೆ ಬರುವ ಅಂಕಿ ಸಾವಿರ ದಿನಕ್ಕೆ 2.7 ಇತ್ತು, ಮೂರೇ ತಿಂಗಳಲ್ಲಿ ಸೊನ್ನೆಗೆ ಇಳಿಯಿತು. ಡಾಕ್ಟರ್ ಇವುಗಳಲ್ಲಿ ಒಂದನ್ನು ಬಿಟ್ಟರೂ, ತುರ್ತು ಇಲ್ಲದಿದ್ದರೆ, ನಿಲ್ಲಿಸಿ ಎಂದು ಹೇಳುವ ಅಧಿಕಾರ ಅಲ್ಲಿ ನರ್ಸ್‌ಗೆ ಇತ್ತು.

ನಮಸ್ಕಾರ.