ಅಪಾರ ಬಂಧುಬಳಗವನ್ನು ಅಗಲಿದ್ದಾರೆ

ನಮಸ್ಕಾರ. ಹೋದ ಮಳೆಗಾಲದಲ್ಲಿ ನಮ್ಮ ಅಜ್ಜಿ ತೀರಿಕೊಂಡರು. ತೊಂಬತ್ತು ದಾಟಿತ್ತು. ಪತ್ರಿಕೆಗೆ ನಿಧನವಾರ್ತೆ ಬರೆದುಕೊಡುವ ಕೆಲಸ ನನ್ನ ಪಾಲಿಗೆ ಬಂತು. ಗೃಹಿಣಿ, ವಯೋಸಹಜ ಕಾರಣ, ಮೂವರು ಪುತ್ರರು, ಇಬ್ಬರು ಪುತ್ರಿಯರು, 'ಹಾಗೂ ಅಪಾರ ಬಂಧುಬಳಗವನ್ನು ಅಗಲಿದ್ದಾರೆ'. ಬರೆದು ಮುಗಿಸಲು ಐದು ನಿಮಿಷವೂ ಬೇಕಾಗಲಿಲ್ಲ. ಆ ಐದು ನಿಮಿಷ ನನ್ನನ್ನು ಇಂದಿಗೂ ಚುಚ್ಚುತ್ತದೆ.

ಹನ್ನೆರಡನೆಯ ದಿನ ಯಲ್ಲಾಪುರದ ಕಡೆಯಿಂದ ಹಿರಿಯರೊಬ್ಬರು ಬಂದರು. ನಮಗೆ ಯಾರಿಗೂ ಅವರ ಗುರುತಿಲ್ಲ. ಕೈಕಾಲು ತೊಳೆದವರು ನೇರ ಹಿತ್ತಿಲಿಗೆ ಹೋಗಿ, ಬಾವಿಯ ಪಕ್ಕದ ಕಲ್ಲಿನ ಮೇಲೆ ಕೈ ಇಟ್ಟು ನಿಂತರು. 'ನಾಲ್ಕು ವರ್ಷ ನಾನು ಇದೇ ಕಲ್ಲಿನ ಮೇಲೆ ನನ್ನ ತಟ್ಟೆ ತೊಳೆದಿದ್ದೇನೆ' ಎಂದರು. ಮುಂದೆ ಮಾತು ಹೊರಡಲಿಲ್ಲ.

ಅದೇನೆಂದು ಆಮೇಲೆ ತಿಳಿಯಿತು. ನಮ್ಮ ಅಂಕೋಲೆಯವರೇ ಆದ ಕವಿ ದಿನಕರ ದೇಸಾಯಿಯವರು 1953ರಲ್ಲಿ ಕೆನರಾ ವೆಲ್ಫೇರ್ ಟ್ರಸ್ಟ್ ಕಟ್ಟಿ ಉತ್ತರ ಕನ್ನಡ ಜಿಲ್ಲೆಯ ಉದ್ದಗಲಕ್ಕೂ ಶಾಲೆಗಳನ್ನು ತೆರೆದ ಕಥೆ ನಮಗೆಲ್ಲ ಗೊತ್ತು. ಚುಟುಕಗಳನ್ನು ಬರೆದ ಕೈಯೇ ಬಡ ಗೇಣಿದಾರರ ಪರವಾಗಿಯೂ ದುಡಿದಿತ್ತು. ಅವರಿಗೆ ಎಷ್ಟು ನಮಸ್ಕಾರ ಹೇಳಿದರೂ ಕಡಿಮೆಯೇ. ಆದರೆ ಪೇಟೆಯಲ್ಲಿ ಶಾಲೆ ಬಂದ ಮಾತ್ರಕ್ಕೆ ಕಾಡಂಚಿನ ಹುಡುಗ ಓದಿಬಿಡುತ್ತಾನೆಯೇ? ನಡುವೆ ಹೊಳೆ, ಹಳ್ಳ, ಸೊಂಟಮಟ್ಟದ ಮಳೆನೀರು. ರಾತ್ರಿ ಮಲಗಲು ಅವನಿಗೊಂದು ಜಗುಲಿ ಬೇಕು, ಬೆಳಿಗ್ಗೆ ಒಂದು ತಟ್ಟೆ ಗಂಜಿ ಬೇಕು. ಆ ಜಗುಲಿ ನಮ್ಮ ಮನೆಯದಾಗಿತ್ತು. ಕುಚಲಕ್ಕಿ ಗಂಜಿ, ಒಣ ಶೆಟ್ಲಿಯ (ಸಿಗಡಿಯ) ಚಟ್ನಿ, ಒಂದು ಚಿಮಣಿ ದೀಪದ ಸುತ್ತ ನಾಲ್ಕು ಹುಡುಗರು. ಘಟ್ಟದ ಮೇಲಿನ ತಂದೆತಾಯಂದಿರು ವರ್ಷಕ್ಕೊಮ್ಮೆ ಅಪ್ಪೆಮಿಡಿಯನ್ನೋ ಬಾಳೆಗೊನೆಯನ್ನೋ ತಂದಿಡುತ್ತಿದ್ದರಂತೆ. ಅಜ್ಜಿ ಬೇರೇನನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಈ ಇಪ್ಪತ್ತು ಚಿಲ್ಲರೆ ವರ್ಷಗಳ ಕೆಲಸವನ್ನು ನಾನು 'ಗೃಹಿಣಿ' ಎಂಬ ಒಂದೇ ಪದದಲ್ಲಿ ಮುಚ್ಚಿಬಿಟ್ಟಿದ್ದೆ.

ಸಂಘದ ಅಧ್ಯಕ್ಷರಾಗಿದ್ದವರು ತೀರಿಕೊಂಡರೆ ನಾವು ಹುದ್ದೆಗಳ ಪಟ್ಟಿಯನ್ನೇ ಕೊಡುತ್ತೇವೆ. ಹುದ್ದೆ ಇಲ್ಲದೆ ದುಡಿದವರ ಸೇವೆಗೆ ನಮ್ಮಲ್ಲಿ ಪದವೇ ಇಲ್ಲ. ನಮ್ಮ ತಾಲ್ಲೂಕು ಎರಡೇ ತಿಂಗಳ ಅಂತರದಲ್ಲಿ ಹಾಲಕ್ಕಿ ಒಕ್ಕಲಿಗ ಸಮುದಾಯದ ಇಬ್ಬರು ಹಿರಿಯರನ್ನು ಕಳೆದುಕೊಂಡಿತು. 2024ರ ಡಿಸೆಂಬರ್ 16ರಂದು ಹೊನ್ನಳ್ಳಿಯ ತುಳಸಿ ಗೌಡರು, 2025ರ ಫೆಬ್ರುವರಿ 13ರಂದು ಬಡಗೇರಿಯ ಸುಕ್ರಿ ಬೊಮ್ಮಗೌಡರು. ಇಬ್ಬರೂ ಪದ್ಮಶ್ರೀ ಪಡೆದವರು. ತುಳಸಿ ಗೌಡರು ಬರಿಗಾಲಿನಲ್ಲಿ ರಾಷ್ಟ್ರಪತಿ ಭವನಕ್ಕೆ ಹೋದ ಚಿತ್ರವನ್ನು ದೇಶವೇ ನೋಡಿತು. ಆದರೆ ಅದಕ್ಕೂ ಮೊದಲು ದಶಕಗಳ ಕಾಲ ಅವರು ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಿನಗೂಲಿಗೆ ದುಡಿದರು. ಯಾವ ತಾಯಿಮರದ ಬೀಜವನ್ನು ಯಾವಾಗ ಆರಿಸಬೇಕೆಂಬುದನ್ನು ಕಾಡಿನಲ್ಲಿ ನಡೆದೇ ಕಲಿತರು. ಸುಕ್ರಜ್ಜಿ ತಮ್ಮ ಜನರ ನೂರಾರು ಹಾಡುಗಳನ್ನು ಕಂಠದಲ್ಲಿ ಕಾಪಾಡಿದರು. ಕುಡಿತ ಸ್ವಂತ ಮನೆಯ ಜೀವವನ್ನೇ ಕಿತ್ತುಕೊಂಡ ಮೇಲೆ, ಊರಿನ ಹೆಂಗಸರನ್ನು ಕಟ್ಟಿಕೊಂಡು ಸಾರಾಯಿಯ ವಿರುದ್ಧ ನಿಂತರು. ಮನೆಯ ದುಃಖವೇ ಊರಿನ ಕೆಲಸವಾಯಿತು. ಪ್ರಶಸ್ತಿ ಬಾರದೆ ಹೋಗಿದ್ದರೆ ಈ ಇಬ್ಬರ ಬಗ್ಗೆಯೂ ನನ್ನಂಥವನೊಬ್ಬ ಐದು ನಿಮಿಷದಲ್ಲಿ ಅದೇ ಸಾಲನ್ನು ಬರೆದು ಕೊಡುತ್ತಿದ್ದ.

ಇನ್ನೊಂದು ಮಾತನ್ನೂ ಹೇಳಲೇಬೇಕು. ಆ ಹನ್ನೆರಡನೆಯ ದಿನ ಊಟದ ಪಂಕ್ತಿಯಲ್ಲಿ ಎಲ್ಲರೂ ಅಜ್ಜಿಯನ್ನು 'ತ್ಯಾಗಮಯಿ' ಎಂದು ಹೊಗಳುತ್ತಿದ್ದಾಗ ನನ್ನ ಚಿಕ್ಕಮ್ಮ ಸುಮ್ಮನಿದ್ದರು. ಆಮೇಲೆ ಒಳಗೆ ಕರೆದು ಹೇಳಿದರು: 'ಬಂಗುಡೆಯ ನಡುತುಂಡು ಯಾವಾಗಲೂ ಆ ಹುಡುಗರಿಗೆ. ನಮಗೆ ತಲೆ, ಬಾಲ. ಹತ್ತು ಜನರ ಮಸಾಲೆಯನ್ನು ನಾನೂ ನಿನ್ನ ಅಮ್ಮನೂ ಅರೆದೆವು. ಅದನ್ನೂ ಯಾರಾದರೂ ಹೇಳಲಿ.' ಆ ಮಾತಿನಲ್ಲಿ ಸಿಟ್ಟಿರಲಿಲ್ಲ, ಲೆಕ್ಕವಿತ್ತು. ಅಂದಿನಿಂದ ತ್ಯಾಗಮಯಿ ಎಂಬ ಪದ ನನಗೆ ಸೇರುವುದಿಲ್ಲ. ಅದು ಒಬ್ಬರನ್ನು ದೇವರ ಕೋಣೆಗೆ ಏರಿಸಿ, ಅವರ ಜೊತೆಗೆ ಒರಳ ಮುಂದೆ ಕುಳಿತವರನ್ನು ಮರೆಸಿಬಿಡುತ್ತದೆ.

ಆದ್ದರಿಂದ ನನ್ನದೊಂದು ಕೋರಿಕೆ. ನಿಮ್ಮ ಮನೆಯ ಹಿರಿಯರ ನಿಧನವಾರ್ತೆಯಲ್ಲಿ ಅವರು ಮಾಡಿದ ಒಂದೇ ಒಂದು ಕೆಲಸವನ್ನಾದರೂ ಬರೆಯಿರಿ. ಬಾಣಂತಿಯರಿಗೆ ಕಷಾಯ ಕಾಸಿದ್ದು, ಮದುವೆಯ ಮನೆಯಲ್ಲಿ ರಾತ್ರಿಯೆಲ್ಲ ಅಡುಗೆಗೆ ನಿಂತದ್ದು, ಕರಿ ಇಶಾಡ ಮಾವಿನ ಸಸಿಯನ್ನು ಕೇಳಿದವರಿಗೆಲ್ಲ ಕೊಟ್ಟದ್ದು, ಏನಾದರೂ ಸರಿ. ಅದಕ್ಕಾಗಿ ಅವರು ಬದುಕಿರುವಾಗಲೇ ಪಕ್ಕದಲ್ಲಿ ಕುಳಿತು ಕೇಳಬೇಕು. ನಾನು ಕೇಳಲಿಲ್ಲ.

ಬರುವ ತಿಂಗಳು ಅಜ್ಜಿಯ ವರ್ಷಾಂತಿಕ. ಈ ಸಲದ ಸ್ಮರಣೆಯ ಜಾಹೀರಾತನ್ನು ಚಿಕ್ಕಮ್ಮನ ಜೊತೆ ಕುಳಿತು ಬರೆದಿದ್ದೇನೆ. ಅದರಲ್ಲಿ ಅಮ್ಮನ ಹೆಸರೂ ಇದೆ, ಚಿಕ್ಕಮ್ಮನ ಹೆಸರೂ ಇದೆ. ಕೊನೆಯ ಸಾಲು ಹೀಗಿದೆ: 'ನಮ್ಮ ಜಗುಲಿಯಲ್ಲಿ ಮಲಗಿ ಓದಿದವರಲ್ಲಿ ಹನ್ನೊಂದು ಮಂದಿ ನಮಗೆ ಸಿಕ್ಕಿದ್ದಾರೆ. ಉಳಿದವರು ದಯವಿಟ್ಟು ಊಟಕ್ಕೆ ಬನ್ನಿ.'