ಹತ್ತೊಂಬತ್ತು ಇಂಚಿನ ಸಂದು

ನಮಸ್ಕಾರ.

ಅಪಾರ್ಟ್‌ಮೆಂಟ್‌ನಲ್ಲಿ ಇರುವವರಿಗೆಲ್ಲ ಲಿಫ್ಟ್ ಪಕ್ಕದ ನೋಟಿಸ್ ಬೋರ್ಡು ಗೊತ್ತಿರುತ್ತದೆ. ಟ್ಯಾಂಕರ್ ನೀರಿನ ದರ ಏರಿದ್ದು, ಸಂಪು ತೊಳೆಯುವ ದಿನ, ರಾಜ್ಯೋತ್ಸವದ ಚಂದಾ, ಮೇಂಟೆನೆನ್ಸ್ ಬಾಕಿ ಇಟ್ಟವರ ಫ್ಲಾಟ್ ನಂಬರು, ಎಲ್ಲ ಅಲ್ಲೇ. ಲಿಫ್ಟ್ ಬರುವ ತನಕ ಸುಮ್ನೆ ಕಣ್ಣಾಡಿಸುತ್ತೇವೆ. ಬಾಗಿಲು ತೆರೆದರೆ ಮರೆತೂ ಬಿಡುತ್ತೇವೆ. ಆದರೆ ಕಾಗದದ ತಲೆಯ ಮೇಲೆ ‘ಪಾರ್ಕಿಂಗ್’ ಅಂತ ಇದ್ದರೆ ಮಾತ್ರ ಲಿಫ್ಟು ಬಂದು ಹೋದರೂ ಜನ ಕದಲುವುದಿಲ್ಲ.

ಅಂಥ ಒಂದು ಕಾಗದಕ್ಕೆ ಸಹಿ ಹಾಕಿದವನು ನಾನು. ಬೆಂಗಳೂರಿನ ದಕ್ಷಿಣದ ಕಡೆ ನಮ್ಮದು 42 ಮನೆಗಳ ಅಪಾರ್ಟ್‌ಮೆಂಟು. ಎರಡು ವರ್ಷ ಅದರ ಸಂಘಕ್ಕೆ ಕಾರ್ಯದರ್ಶಿ ಆಗಿದ್ದೆ. ದೊಡ್ಡ ಹುದ್ದೆ ಅಂದುಕೊಳ್ಳಬೇಡಿ. ಜನರಲ್ ಬಾಡಿ ಮೀಟಿಂಗಿನಲ್ಲಿ ‘ಯಾರು ಆಗ್ತೀರಿ’ ಅಂತ ಕೇಳಿದಾಗ ಎಲ್ಲರೂ ಮೊಬೈಲ್ ನೋಡುತ್ತಿದ್ದರು. ನಾನೊಬ್ಬ ತಲೆ ಎತ್ತಿದ್ದೆ, ಅಷ್ಟೇ.

ನೋಟಿಸಿನಲ್ಲಿ ಇದ್ದದ್ದು ಮೂರೇ ಸಾಲು. ಒಂದು ಮನೆಗೆ ಒಂದೇ ಸ್ಲಾಟು. ಎರಡನೇ ಕಾರಿಗೆ ತಿಂಗಳಿಗೆ 1500 ರೂಪಾಯಿ, ಅದೂ ಜಾಗ ಮಿಕ್ಕಿದ್ದರೆ. ವಿಸಿಟರ್ ಪಾರ್ಕಿಂಗ್‌ನಲ್ಲಿ ಎರಡು ಗಂಟೆಗಿಂತ ಜಾಸ್ತಿ ನಿಲ್ಲಿಸುವಂತಿಲ್ಲ. ಮೀರಿದರೆ ಚಕ್ರಕ್ಕೆ ಲಾಕು. ಬರೆದು, ಓದಿ, ‘ಎಷ್ಟು ಚೊಕ್ಕವಾಗಿದೆ’ ಅಂತ ನಾನೇ ನನ್ನ ಬೆನ್ನು ತಟ್ಟಿಕೊಂಡಿದ್ದೆ.

ಅವತ್ತು ಸಂಜೆಯೇ ಮೂರನೇ ಮಹಡಿಯ ಯಜಮಾನರು ಮನೆಗೆ ಬಂದರು. ಕೈಯಲ್ಲಿ ಸೇಲ್ ಡೀಡು. “ನೋಡಿ, ದುಡ್ಡು ಕೊಟ್ಟು ತಗೊಂಡಿರೋ ಪಾರ್ಕಿಂಗ್ ಇದು. ನನ್ನ ಜಾಗದ ಬಗ್ಗೆ ನೀವು ಹೆಂಗೆ ರೂಲ್ಸ್ ಮಾಡ್ತೀರಿ?” ಅಂದರು. ಕಾಫಿ ಕೊಟ್ಟು ಕೂರಿಸಿ ಇಬ್ಬರೂ ಡೀಡು ಓದಿದೆವು. ‘ಒಂದು ಕಾರ್ ಪಾರ್ಕಿಂಗ್ ಸಹಿತ’ ಅಂತ ಬರೆದಿತ್ತು. ಯಾವ ಜಾಗ ಅಂತ ಎಲ್ಲೂ ಇರಲಿಲ್ಲ. ನಂಬರನ್ನು ಬಿಲ್ಡರ್ ಕಡೆಯವರು ಕೀ ಕೊಡುವ ದಿನ ಒಂದು ಚೀಟಿಯಲ್ಲಿ ಗೀಚಿ ಕೊಟ್ಟಿದ್ದರು. ನನಗೂ ಹಾಗೇ ಕೊಟ್ಟಿದ್ದರು.

ಈ ‘ನನ್ನ ಜಾಗ’ದ ಮಾತು ಸುಪ್ರೀಂ ಕೋರ್ಟಿನವರೆಗೂ ಹೋಗಿದೆ. ಮುಂಬೈನ ಒಂದು ಹೌಸಿಂಗ್ ಸೊಸೈಟಿಗೂ ಬಿಲ್ಡರ್‌ಗೂ ನಡೆದ ವ್ಯಾಜ್ಯ ಅದು. ಕಟ್ಟಡದ ಅಡಿಯ ಸ್ಟಿಲ್ಟ್ ಪಾರ್ಕಿಂಗು ಬಿಲ್ಡರ್ ಬೇರೆಯಾಗಿ ಮಾರಿಕೊಳ್ಳುವ ಆಸ್ತಿ ಅಲ್ಲ, ಎಲ್ಲರಿಗೂ ಸೇರಿದ ಜಾಗದ ಭಾಗ ಅಂತ 2010ರಲ್ಲಿ ತೀರ್ಪು ಬಂತು. ಅದು ಮಹಾರಾಷ್ಟ್ರದ ಕಾಯ್ದೆಯ ಮೇಲೆ ಕೊಟ್ಟ ತೀರ್ಪು, ನಿಜ. ಆಮೇಲೆ 2016ರಲ್ಲಿ ಇಡೀ ದೇಶಕ್ಕೆ ರೇರಾ ಅನ್ನುವ ರಿಯಲ್ ಎಸ್ಟೇಟ್ ಕಾಯ್ದೆ ಬಂತಲ್ಲ, ಅದೂ ಬಯಲಿನ ಪಾರ್ಕಿಂಗನ್ನು ಸಾಮೂಹಿಕ ಜಾಗದ ಪಟ್ಟಿಗೇ ಸೇರಿಸಿತು. ಗ್ಯಾರೇಜು ಅನ್ನಬೇಕಾದರೆ ಮೇಲೆ ಸೂರು, ಮೂರು ಕಡೆ ಗೋಡೆ ಇರಬೇಕು ಅಂತಲೂ ಹೇಳಿತು. ನಮ್ಮ ಯಜಮಾನರ ‘ಆಸ್ತಿ’ಗೆ ಇದ್ದದ್ದು ಒಂದು ಪಿಲ್ಲರು, ಎರಡು ಹಳದಿ ಗೆರೆ. ಅವರಿಗೂ ನಗು ಬಂತು. ನಮ್ಮದೇನೂ ರೇರಾ ಕಾಲದ ಕಟ್ಟಡ ಅಲ್ಲ, ಕಾಗದ ಹಿಡಿದು ಜಗಳ ಆಡೋಕೆ ಅವರಿಗೂ ಮನಸ್ಸಿರಲಿಲ್ಲ. ಎದ್ದು ಹೋಗುವಾಗ ಒಂದು ಮಾತು ಹೇಳಿದರು: “ಕಾನೂನು ಇರಲಿ ಬಿಡಿ. ನಮ್ಮಮ್ಮ ಕಾರಿಂದ ಇಳಿಯೋದು ಹೆಂಗೆ ಅಂತ ಒಂದ್ಸಲ ಬಂದು ನೋಡಿ.”

ಭಾನುವಾರ ಬೆಳಿಗ್ಗೆ ನೋಡಲು ಹೋದೆ. ಜೊತೆಗೆ ಎರಡನೇ ಮಹಡಿಯ ನಿವೃತ್ತ ಓವರ್‌ಸಿಯರ್ ಒಬ್ಬರು ಟೇಪು ಹಿಡಿದು ಬೇಸ್‌ಮೆಂಟಿಗೆ ಇಳಿದರು. ಅವರಿಗೆ ಬಾಯಿ ಲೆಕ್ಕದಲ್ಲಿ ನಂಬಿಕೆ ಇಲ್ಲ. ನಮ್ಮ ಬೇಸ್‌ಮೆಂಟಿನಲ್ಲಿ ಎರಡು ಪಿಲ್ಲರ್ ನಡುವೆ ಮೂರು ಕಾರು. ಟೇಪು ಹೇಳಿದ್ದು 24 ಅಡಿ. ಅಂದರೆ ಒಂದೊಂದಕ್ಕೆ ಎಂಟು ಅಡಿ. ಎಲ್ಲ ಸರಿಯಾಗೇ ಇದೆ ಅಲ್ವಾ ಅಂದೆ.

“ಅವತ್ತಿನ ಕಾರಿಗೆ ಸರಿ” ಅಂದರು.

ಅವತ್ತಿನ ಕಾರು ಅಂದರೆ ಮಾರುತಿ 800. ಅದರ ಅಗಲ 1440 ಮಿಲಿಮೀಟರು. ಮೂರು ಕಾರು ಪಕ್ಕಪಕ್ಕ ನಿಲ್ಲಿಸಿದರೂ ಪಿಲ್ಲರ್ ಪಕ್ಕದ್ದೂ ಸೇರಿ ನಾಲ್ಕು ಸಂದು, ಒಂದೊಂದೂ ಸುಮಾರು ಎರಡೂವರೆ ಅಡಿ ಸಿಗುತ್ತಿತ್ತು. ಈಗ ಅದೇ ಕಂಪನಿಯ ಬ್ರೆಝಾ ನಿಲ್ಲಿಸಿ ನೋಡಿ. ಅಗಲ 1790. ಮೂರು ಬ್ರೆಝಾ ನಿಂತರೆ ಸಂದು 19 ಇಂಚಿಗೆ ಇಳಿಯುತ್ತದೆ. ಗೆರೆ ಅಲ್ಲೇ ಇದೆ, ಪಿಲ್ಲರ್ ಅಲ್ಲೇ ಇದೆ, ಕಾರುಗಳು ಮಾತ್ರ ಒಂದಡಿಗೂ ಜಾಸ್ತಿ ಊದಿಕೊಂಡಿವೆ.

ಇಂಥ ಕಾರುಗಳ ಉದ್ದ ಯಾಕೆ ನಾಲ್ಕು ಮೀಟರ್ ದಾಟಿಲ್ಲ ಅನ್ನುವುದಕ್ಕೂ ಕಾರಣ ಇದೆ. 2006ರ ಕೇಂದ್ರ ಬಜೆಟ್ಟಿನಲ್ಲಿ ನಾಲ್ಕು ಮೀಟರಿಗಿಂತ ಕಡಿಮೆ ಉದ್ದದ, ಸಣ್ಣ ಎಂಜಿನ್ನಿನ ಕಾರುಗಳಿಗೆ ತೆರಿಗೆ ಇಳಿಸಿದರು. ಕಂಪನಿಗಳು ಉದ್ದವನ್ನು ನಾಲ್ಕು ಮೀಟರಿನ ಒಳಗೇ ಹಿಡಿದಿಟ್ಟವು. ಬ್ರೆಝಾ 3995 ಮಿಲಿಮೀಟರು, ಐದೇ ಮಿಲಿಮೀಟರು ಕಡಿಮೆ! ಅಗಲಕ್ಕೆ, ಎತ್ತರಕ್ಕೆ ಯಾರೂ ಗೆರೆ ಹಾಕಿರಲಿಲ್ಲ. ದಿಲ್ಲಿಯಲ್ಲಿ ಉಳಿದ ತೆರಿಗೆ ನಮ್ಮ ಬೇಸ್‌ಮೆಂಟಿನಲ್ಲಿ ಬಾಗಿಲಿಗೆ ಬಾಗಿಲು ತಾಗಿಸುತ್ತಿದೆ ಅಂತ ಓವರ್‌ಸಿಯರ್ ಗೊಣಗಿದರು.

ಅಷ್ಟರಲ್ಲಿ ಯಜಮಾನರ ತಾಯಿ ದೇವಸ್ಥಾನದಿಂದ ಬಂದರು. ಮಂಡಿ ಆಪರೇಷನ್ ಆಗಿದೆ, ಕಾಲು ಪೂರ್ತಿ ಮಡಚುವುದಿಲ್ಲ. ಬಾಗಿಲು ತೆರೆದರೆ ಒಂದೂ ಕಾಲು ಅಡಿಗೆ ಪಕ್ಕದ ಕಾರು ತಾಗುತ್ತದೆ. ಮೊದಲು ಊರುಗೋಲು ಹೊರಗೆ ಬಂತು. ಆಮೇಲೆ ಒಂದು ಕಾಲು. ಆಮೇಲೆ ಸೀರೆಯ ಸೆರಗು ಪಕ್ಕದ ಕಾರಿನ ಕನ್ನಡಿಗೆ ಸಿಕ್ಕಿತು. ಬಿಡಿಸಿಕೊಂಡು, ಮಗನ ಭುಜ ಹಿಡಿದು, ಅಡ್ಡಡ್ಡವಾಗಿ ಏಡಿಯ ಹಾಗೆ ನಡೆದು ಹೊರಗೆ ಬಂದರು. ಬಂದವರು ನನ್ನನ್ನು ನೋಡಿ, “ಏನಪ್ಪಾ, ಚೆನ್ನಾಗಿದ್ದೀಯಾ?” ಅಂದರು. ನನಗೆ ಉತ್ತರ ಹೊರಡಲಿಲ್ಲ.

ಮುಂದಿನ ಮೀಟಿಂಗಿನಲ್ಲಿ ನೋಟಿಸಿನ ಮೊದಲನೇ ಸಾಲನ್ನು ಬದಿಗಿಟ್ಟು, ಸ್ಲಾಟು ಅದಲು ಬದಲು ಮಾಡುವ ಮಾತು ತೆಗೆದೆವು. ಗೋಡೆ ಪಕ್ಕದ ತುದಿಯ ಜಾಗದಲ್ಲಿ ಒಬ್ಬರು ಬರೀ ಸ್ಕೂಟರ್ ನಿಲ್ಲಿಸುತ್ತಿದ್ದರು. ಅದು ಅಜ್ಜಿಯ ಮನೆಗೆ ಹೋಯಿತು. ಸಣ್ಣ ಕಾರು ಇರುವ ಮನೆಗಳನ್ನು ಪಿಲ್ಲರ್ ಪಕ್ಕಕ್ಕೆ ಹಾಕಿದೆವು. ಇಷ್ಟಕ್ಕೇ ನಾಲ್ಕು ಮೀಟಿಂಗು ಬೇಕಾದವು. ಅದರಲ್ಲಿ ಒಂದು ಪೂರ್ತಿ ಮೀಟಿಂಗು, ಎಲೆಕ್ಟ್ರಿಕ್ ಕಾರಿನ ಚಾರ್ಜರ್ ತಂತಿ ಯಾರ ತಲೆಯ ಮೇಲೆ ಹಾದು ಹೋಗಬೇಕು ಅನ್ನುವುದಕ್ಕೇ ಕಳೆಯಿತು. ಅದು ಇನ್ನೊಂದು ದಿನದ ಕಥೆ.

ಎರಡನೇ ಕಾರಿನ ಶುಲ್ಕ ಮಾತ್ರ ನಾವು ಎಣಿಸಿದ ಹಾಗೆ ಕೆಲಸ ಮಾಡಲಿಲ್ಲ. ಮೊದಲ ವಾರದಲ್ಲೇ ಒಂಬತ್ತು ಕಾರು ಬೇಸ್‌ಮೆಂಟಿನಿಂದ ಮಾಯ. ಎಲ್ಲಿ ಹೋದವು? ಗೇಟಿನಾಚೆಯ ರಸ್ತೆಗೆ. ಅಲ್ಲಿ ಮೂವತ್ತಕ್ಕೆ ನಲವತ್ತು ಅಡಿ ಸೈಟಿನ ಮನೆಗಳು. ಎಲ್ಲರ ಗೇಟಿನ ಮುಂದೂ ಹೂಕುಂಡ, ಹಳೇ ಟೈರು, ಸಿಮೆಂಟು ತುಂಬಿದ ಪೇಂಟ್ ಡಬ್ಬ. ಗೇಟಿಗೆ ಬೋರ್ಡು: ‘ಗಾಡಿ ನಿಲ್ಲಿಸಿದರೆ ಗಾಳಿ ತೆಗೆಯಲಾಗುವುದು’. ಗೇಟಿಗೆ ಅಡ್ಡ ನಿಲ್ಲಿಸಬಾರದು ಅನ್ನುವುದು ಮೋಟಾರು ವಾಹನ ನಿಯಮಗಳಲ್ಲೇ ಇದೆ, ಅದಕ್ಕೆ ಬೋರ್ಡು ಬೇಕಾಗಿಲ್ಲ. ಆದರೆ ಗೇಟು ಬಿಟ್ಟು ಕಾಂಪೌಂಡಿನ ಉದ್ದಕ್ಕೂ ಇರುವ ರಸ್ತೆ ಹೂಕುಂಡ ಇಟ್ಟವರದ್ದಲ್ಲ. ಅಪಾರ್ಟ್‌ಮೆಂಟಿನವರದ್ದೂ ಅಲ್ಲ. ಎದುರು ಮನೆಯ ಮೇಷ್ಟ್ರು ನನ್ನನ್ನು ನಿಲ್ಲಿಸಿ ಕೇಳಿದರು: “ನಿಮ್ಮ ಮನೆ ಕಸ ಗುಡಿಸಿ ನಮ್ಮ ಬಾಗಿಲಿಗೆ ಹಾಕಿದ್ರಲ್ಲ ಸ್ವಾಮಿ?”

ಊರಿಗೆ ಊರೇ ಇದನ್ನೇ ಮಾಡುತ್ತಿದೆ ಅನ್ನಿ. ಬೆಂಗಳೂರಿನಲ್ಲಿ ನೋಂದಾಯಿಸಿದ ಗಾಡಿಗಳು ಒಂದು ಕೋಟಿ ದಾಟಿವೆ. ಅಡ್ಡ ನಿಂತ ಗಾಡಿ ಎತ್ತಿಕೊಂಡು ಹೋಗುತ್ತಿದ್ದ ಟೋಯಿಂಗ್ ಲಾರಿಗಳ ಮೇಲೆ ದೂರು ಜಾಸ್ತಿಯಾಗಿ 2022ರಲ್ಲಿ ಅವನ್ನು ನಿಲ್ಲಿಸಿದರು. ಅದಕ್ಕೂ ಮೊದಲು ಸರ್ಕಾರ ಒಪ್ಪಿದ ‘ಪಾರ್ಕಿಂಗ್ ನೀತಿ 2.0’ದಲ್ಲಿ, ಮನೆ ಮುಂದಿನ ರಸ್ತೆಯಲ್ಲಿ ನಿಲ್ಲಿಸಲು ಪರ್ಮಿಟ್ ಪಡೆಯಬೇಕು, ವರ್ಷಕ್ಕೆ ಸಣ್ಣ ಕಾರಿಗೆ 1000, ದೊಡ್ಡ ಕಾರಿಗೆ 5000 ರೂಪಾಯಿ ಅನ್ನುವ ಮಾತಿತ್ತು. ನಮ್ಮ ರಸ್ತೆಗೆ ಆ ಪರ್ಮಿಟ್ ಬಂದಿಲ್ಲ, ಹೂಕುಂಡ ಬಂದಿದೆ. ಜಪಾನಿನವರು 1962ರಲ್ಲೇ ಕಾನೂನು ಮಾಡಿ, ಮನೆಯ ಹತ್ತಿರ ಕಾರು ನಿಲ್ಲಿಸಲು ಜಾಗ ಇದೆ ಅಂತ ಪೊಲೀಸರಿಂದ ಚೀಟಿ ತಂದರೆ ಮಾತ್ರ ಕಾರು ನೋಂದಾಯಿಸಿಕೊಡುತ್ತೇವೆ ಅಂದರು. ನಾವು ಮೊದಲು ಕಾರು ತಂದು, ಪೂಜೆ ಮಾಡಿಸಿ, ನಾಲ್ಕು ನಿಂಬೆಹಣ್ಣಿನ ಮೇಲೆ ಹತ್ತಿಸಿ, ಆಮೇಲೆ ಜಾಗ ಹುಡುಕುತ್ತೇವೆ.

ಕೊನೆಗೆ ಆ 1500ನ್ನು 500ಕ್ಕೆ ಇಳಿಸಿದೆವು. ಆರು ಕಾರು ಒಳಗೆ ವಾಪಸ್ ಬಂದವು. ಮೇಷ್ಟ್ರು ಈಗ ಮಾತಾಡಿಸುತ್ತಾರೆ.

ಇನ್ನು ಉಳಿದದ್ದು ವಿಸಿಟರ್ ಪಾರ್ಕಿಂಗು, ಚಕ್ರದ ಲಾಕು. ಅದರ ಪರೀಕ್ಷೆ ವರಮಹಾಲಕ್ಷ್ಮಿ ಹಬ್ಬದ ದಿನ ಆಯಿತು. ಇರುವುದು ನಾಲ್ಕೇ ಜಾಗ. ಅವತ್ತು ಅರಿಶಿನ ಕುಂಕುಮಕ್ಕೆ ಬಂದವರು ಎಷ್ಟು ಜನ ಅಂತ ನೀವೇ ಊಹಿಸಿ. ಗೇಟಿನಲ್ಲಿ ಇದ್ದವನು ಯಾದಗಿರಿ ಕಡೆಯ ಹುಡುಗ, ಬಹಳ ನಿಯತ್ತಿನವನು. ನೋಟಿಸಿನಲ್ಲಿ ಎರಡು ಗಂಟೆ ಅಂತಿದೆ, ಎರಡು ಗಂಟೆ ಹತ್ತು ನಿಮಿಷಕ್ಕೆ ಒಂದು ಬಿಳಿ ಕಾರಿನ ಚಕ್ರಕ್ಕೆ ಲಾಕು ಹಾಕಿದ. ಕಾರು ಯಾರದು? ನಮ್ಮ ಸಮಿತಿಯ ಖಜಾಂಚಿಯ ಬೀಗರದ್ದು! ಅವರು ಸಂಜೆಯ ಆರತಕ್ಷತೆಗೆ ತುಮಕೂರಿಗೆ ಹೊರಟಿದ್ದವರು. ಲಾಕಿನ ಬೀಗದ ಕೈ ನನ್ನ ಹತ್ತಿರ. ನಾನು ಮಾರ್ಕೆಟ್ಟಿನಲ್ಲಿ. ಟ್ರಾಫಿಕ್ ದಾಟಿ ಬರುವಷ್ಟರಲ್ಲಿ ಮುಕ್ಕಾಲು ಗಂಟೆ. ಅಷ್ಟೂ ಹೊತ್ತು ಆ ಹುಡುಗನನ್ನು ರೇಷ್ಮೆ ಸೀರೆ, ಪಂಚೆ ಶಲ್ಯದವರೆಲ್ಲ ಸುತ್ತುವರಿದು ಬೈದಿದ್ದರು. ಹೆಚ್ಚು ಬೈದವರು, ಆ ನಿಯಮಕ್ಕೆ ಕೈ ಎತ್ತಿದ್ದ ನಮ್ಮ ಖಜಾಂಚಿಯೇ.

ಎಲ್ಲ ಮುಗಿದ ಮೇಲೆ ಅವನ ಕ್ಯಾಬಿನ್ನಿನ ಹತ್ತಿರ ಹೋಗಿ ನಿಂತೆ. ಅವನು ಸಿಟ್ಟೇನೂ ಮಾಡಲಿಲ್ಲ. “ರೂಲು ನೀವ್ ಬರೀತೀರಿ ಸರ. ಬೈಸ್ಕೊಳ್ಳಾವ್ರು ನಾವು” ಅಂದ. ಆಮೇಲೆ, “ಬಂದಾವ್ರಿಗಿ ನಾ ಏನ್ ಹೇಳ್ಲಿ? ಅವ್ರು ನನ್ ಮಾತ್ ಕೇಳ್ತಾರೇನು? ಯಾರ್ ಮನಿಗಿ ಬಂದಾರ, ಅವ್ರಿಗಿ ನೀವು ಕೇಳ್ರಿ” ಅಂದ.

ನಾವು ಏಳು ಜನ ಸಮಿತಿಯವರು, ಡಿಗ್ರಿ ಮೇಲೆ ಡಿಗ್ರಿ ಮಾಡಿದವರು, ಮೂರು ತಿಂಗಳು ಕೂತು ಬರೆದ ನಿಯಮಕ್ಕೆ ಈ ಮಾತು ಹೊಳೆದಿರಲಿಲ್ಲ. ಲಾಕನ್ನು ಗುಜರಿಗೆ ಹಾಕಿದೆವು. ಗೇಟಿನ ಹತ್ತಿರ ಒಂದು ಕರಿ ಹಲಗೆ ತೂಗು ಹಾಕಿದೆವು. ಬಂದವರು ಫ್ಲಾಟ್ ನಂಬರು, ಬಂದ ಹೊತ್ತು ತಾವೇ ಬರೆಯಬೇಕು. ಹೊತ್ತು ಮೀರಿದರೆ ಹುಡುಗ ಅತಿಥಿಗೆ ಏನೂ ಹೇಳುವಂತಿಲ್ಲ. ಆ ಮನೆಗೆ ಇಂಟರ್‌ಕಾಮ್ ಮಾಡಬೇಕು, ಅಷ್ಟೇ. ಅತಿಥಿಗೆ ಹೇಳುವುದೋ, ಕಾರು ತೆಗೆಸುವುದೋ, ಅದು ಮನೆಯವರ ತಲೆನೋವು. ಹಬ್ಬದ ದಿನಕ್ಕೆ ಎರಡು ಗಂಟೆಯ ಲೆಕ್ಕ ಇಲ್ಲ.

ಹೋದ ತಿಂಗಳು ಮಗಳು, ಅಳಿಯ ಮೈಸೂರಿನಿಂದ ಬಂದಿದ್ದರು. ನಾನು ಕಾರ್ಯದರ್ಶಿಗಿರಿ ಬಿಟ್ಟು ಆರು ತಿಂಗಳಾಗಿದೆ. ರಾತ್ರಿ ಒಂಬತ್ತೂವರೆ. ಮೊಮ್ಮಗ ತೊಡೆಯ ಮೇಲೆ ನಿದ್ದೆ ಹೋಗಿದ್ದ. ಇಂಟರ್‌ಕಾಮ್ ಹೊಡೆದುಕೊಂಡಿತು.

“ಸರ, ನಿಮ್ ಮನಿ ಗಾಡಿ ನಾಕ್ ತಾಸ್ ಆತ್ರಿ.”

“ಇಗೋ ಬಂದೆ ಕಣಪ್ಪಾ” ಅಂದೆ. ಮಗುವನ್ನು ಮೆಲ್ಲಗೆ ದಿಂಬಿಗೆ ಇಳಿಸಿ, ಅಳಿಯನ ಕಾರಿನ ಕೀ ತಗೊಂಡು, ಚಪ್ಪಲಿ ಮೆಟ್ಟಿಕೊಂಡು ಕೆಳಗೆ ಇಳಿದೆ.

ನಮಸ್ಕಾರ.