ಬೆಳಕಿನಿಂದ ಮಣ್ಣು ಪರೀಕ್ಷೆ: ಮಾದರಿ ಒಣಗಿರಲಿ

ಕಲಬುರಗಿ, ಬೀದರ್ ಮತ್ತು ಯಾದಗಿರಿ ಜಿಲ್ಲೆಗಳ ರೈತ ಬಾಂಧವರಿಗೆ ನಮಸ್ಕಾರ.

ಕಣ್ಣಿಗೆ ಕಾಣುವ ಕೆಂಪಿನ ಆಚೆಗೆ, ಸುಮಾರು 780ರಿಂದ 2500 ನ್ಯಾನೊಮೀಟರ್ ತರಂಗಾಂತರದ ಬೆಳಕನ್ನು ಸಮೀಪ ಅವಗೆಂಪು ಎನ್ನುತ್ತೇವೆ. ಇದು ಮಣ್ಣಿನ ಮೇಲೆ ಬಿದ್ದಾಗ ಸಾವಯವ ಅಂಶ, ಜೇಡಿ ಮತ್ತು ನೀರು ಅದರಲ್ಲಿ ಒಂದೊಂದು ಪಾಲನ್ನು ಹೀರಿಕೊಳ್ಳುತ್ತವೆ. ಹಿಂದಿರುಗಿದ ಬೆಳಕನ್ನು ಅಳೆದು, ನಮ್ಮ ಭಾಗದ್ದೇ ಆದ, ಮೊದಲೇ ರಾಸಾಯನಿಕವಾಗಿ ಪರೀಕ್ಷಿಸಿಟ್ಟ ಮಣ್ಣುಗಳ ಲೆಕ್ಕದೊಂದಿಗೆ ತಾಳೆ ನೋಡಿದರೆ ಸಾವಯವ ಇಂಗಾಲ ಮತ್ತು ಒಟ್ಟು ಸಾರಜನಕದ ಅಂದಾಜು ಕೆಲವೇ ನಿಮಿಷಗಳಲ್ಲಿ ಸಿಗುತ್ತದೆ. ಆಮ್ಲ ಬೇಡ, ಕಾಯಿಸುವುದು ಬೇಡ. ಆದರೆ ಮಣ್ಣು ಒಣಗಿರಬೇಕು. ನಾನು ಇಂದು ಹೇಳಬಂದಿರುವುದು ಇದನ್ನೇ.

ಆಳಂದ ಕಡೆಯ ತೊಗರಿ ಬೆಳೆಗಾರರೊಬ್ಬರು ಮಳೆ ನಿಂತ ಮರುದಿನವೇ ಎರೆ ಮಣ್ಣನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ತಂದಿದ್ದರು. ಚೀಲದ ಒಳಮೈಗೆ ನೀರಿನ ಹನಿ ಕೂತಿತ್ತು, ಹೆಂಟೆ ಬೆರಳಿಗೆ ಅಂಟುತ್ತಿತ್ತು. "ಸಾಹೇಬ್ರ, ಬಸ್ಸಿನ ಟೈಮ್ ಆಗ್ಯದ, ಈಗೇ ನೋಡಿ ಹೇಳ್ರಿ" ಎಂದು ಒತ್ತಾಯಿಸಿದರು. ಹಾಗೆಯೇ ಬೆಳಕು ಹಾಯಿಸಿ ತೋರಿಸಿದೆ. ಹಿಂದಿರುಗಿದ ಬೆಳಕು ಎಷ್ಟೆಂದು ತೋರಿಸುವ ಪರದೆಯ ಮೇಲಿನ ಗೆರೆ 1400 ಮತ್ತು 1900 ನ್ಯಾನೊಮೀಟರ್ ಬಳಿ ಆಳವಾಗಿ ಕುಸಿಯಿತು. ಅವೆರಡೂ ನೀರು ಬೆಳಕನ್ನು ಹೀರುವ ಜಾಗಗಳು. ಅದೇ ಮಣ್ಣನ್ನು ನೆರಳಿನಲ್ಲಿ ಹರಡಿ, ಒಣಗಿದ ಮೇಲೆ ಕುಟ್ಟಿ, 2 ಮಿಲಿಮೀಟರ್ ಜರಡಿ ಹಿಡಿದು, ಅವರು ಮತ್ತೆ ಬಂದಾಗ ತೋರಿಸಿದೆ. ಗೆರೆ ಮೇಲೆದ್ದಿತ್ತು, 2200ರ ಬಳಿ ಜೇಡಿಯ ಸಣ್ಣ ತಗ್ಗು ನಿಚ್ಚಳವಾಗಿತ್ತು. ಅವರು ಎರಡೂ ಗೆರೆಗಳ ಮೇಲೆ ಬೆರಳಾಡಿಸಿ, "ಹಂಗಾದ್ರ ಮೊದಲ ನೋಡಿದ್ದು ನೀರಿನ ಲೆಕ್ಕ ಅದರಿ" ಎಂದರು. ಅವರ ಮಾತು ಅಕ್ಷರಶಃ ನಿಜ. ಎರೆ ಮಣ್ಣು ನೀರನ್ನು ಬೇಗ ಬಿಟ್ಟುಕೊಡುವುದಿಲ್ಲ. ಮೇಲೆ ಒಣಗಿದಂತೆ ಕಂಡರೂ ಹೆಂಟೆ ಒಡೆದರೆ ಒಳಗೆ ತೇವವಿರುತ್ತದೆ. ಆದ್ದರಿಂದ ದಯವಿಟ್ಟು ಒಡೆದು ನೋಡಿ, ಪೂರ್ತಿ ಒಣಗಿಸಿ. ಅವಸರಕ್ಕೆಂದು ಒಲೆಯ ಮೇಲೆ ಹುರಿಯಬೇಡಿ.

ಸಮಯ ಕಡಿಮೆ ಉಳಿದಿರುವುದರಿಂದ ಮಿಕ್ಕದ್ದನ್ನು ಬೇಗ ಹೇಳುತ್ತೇನೆ. ಬೆಳೆಗೆ ದಕ್ಕುವ ರಂಜಕ ಮತ್ತು ಪೊಟ್ಯಾಷ್ ಈ ಬೆಳಕಿಗೆ ನೇರವಾಗಿ ಸಿಕ್ಕುವುದಿಲ್ಲ. ಅವುಗಳಿಗೆ ರಾಸಾಯನಿಕ ಪರೀಕ್ಷೆಯನ್ನೇ ಮಾಡಿಸಿ. ತೊಗರಿ ರಾಶಿ ಮುಗಿದ ಮೇಲೆ, ಬದು, ತಿಪ್ಪೆ ಮತ್ತು ಮರದ ಬುಡ ಬಿಟ್ಟು, ಹೊಲದ ಎಂಟು ಹತ್ತು ಕಡೆ 15 ಸೆಂಟಿಮೀಟರ್ ಆಳದವರೆಗೆ ಮಣ್ಣು ತೆಗೆದು, ಬೆರೆಸಿ, ಅರ್ಧ ಕಿಲೋ ಉಳಿಸಿಕೊಳ್ಳಿ. ಒಣಗಿಸಿದ ಬಳಿಕ ಬಟ್ಟೆಯ ಚೀಲದಲ್ಲಿ ಕಟ್ಟಿ, ಹೆಸರು ಮತ್ತು ಸರ್ವೆ ನಂಬರ್ ಬರೆದು, ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ. ನಮಸ್ಕಾರ.